ಹುರುಳಿ ಜೊತೆ ಕಿತ್ತ ಮರಗಳು

"ನಿಲ್ಸ್ರಮ್ಮಾ! ಕೀಳ್ಬೇಡ್ರಮ್ಮಾ!" ಎಂದು ಕೂಗಿಕೊಂಡು ನಾನು ಬೋರೆ ಹತ್ತಿ ಓಡುತ್ತಿದ್ದೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಕಜ್ಜಾಯದ ಗಂಟು. ಮೇಲೆ ನಮ್ಮ ಹೊಲದಲ್ಲಿ ಹನ್ನೊಂದು ಜನ ಹೆಂಗಸರು ಸಾಲಾಗಿ ಬಗ್ಗಿ ಹುರುಳಿ ಕೀಳುತ್ತಿದ್ದರು. ಹುರುಳಿಯನ್ನು ರಾಗಿಯ ಹಾಗೆ ಕುಡುಗೋಲಲ್ಲಿ ಕೊಯ್ಯುವುದಿಲ್ಲ. ಬುಡಸಮೇತ ಕಿತ್ತು ಗುಡ್ಡೆ ಹಾಕುತ್ತಾರೆ. ಅವರು ಹಾಡು ಹೇಳಿಕೊಂಡು ಕೀಳುತ್ತಿದ್ದರು. ಹಾಡಿಗೆ ಬಿದ್ದ ಕೈ ಕಣ್ಣಿನ ಮಾತು ಕೇಳುವುದಿಲ್ಲ, ಇನ್ನು ನನ್ನ ಮಾತು ಎಲ್ಲಿ ಕೇಳುತ್ತದೆ? ನಾನು ಹೋಗಿ ಮುಟ್ಟುವ ಹೊತ್ತಿಗೆ ಇಡೀ ಹೊಲದಲ್ಲಿ ನಾಲ್ಕೇ ಸಾಲು ಉಳಿದಿದ್ದವು.

ಮುಂದಿನ ಸಾಲಿನಲ್ಲಿದ್ದ ಕೆಂಪತ್ತೆ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಅವಳು ಅಪ್ಪನ ಅಕ್ಕ. ಆ ಹೆಂಗಸರಿಗೆಲ್ಲ ಅವಳೇ ಮುಂದಾಳು.

"ಏನ್ಲಾ ಅಂಗ್ ಬಾಯ್ ಬಡ್ಕತೀಯ? ಯಾರಿಗೇನಾಯ್ತ್ಲಾ?"

"ಅತ್ತೆ, ಮರ! ಮರ ಎಲ್ಲಾ ಕಿತ್ತಾಕ್ಬುಟ್ರಲ್ಲಾ!"

ಅತ್ತೆ ಸುತ್ತ ನೋಡಿದಳು. ಆ ಬೋರೆಯ ಮೇಲೆ ಕಣ್ಣಿಗೆ ಕಾಣುವಷ್ಟು ದೂರ ಒಂದು ಮರವೂ ಇರಲಿಲ್ಲ.

"ಎಲ್ಲೈತ್ಲಾ ಮರ? ಬಿಸ್ಲಿಗೆ ತಲೆ ಏನಾರ ಕೆಟ್ಟದಾ ನಿಂಗೆ?"

ನಾನು ಗುಡ್ಡೆಗೆ ಕೈ ಹಾಕಿ ಒಂದು ಸಸಿ ಎಳೆದು ತೋರಿಸಿದೆ. ಗೇಣುದ್ದದ ಹೊಂಗೆ. ಮೂರು ಎಲೆ, ಎಲೆಗಿಂತ ಉದ್ದದ ಬೇರು.

"ಓ, ಇದಾ? ಇದು ಕಳೆ ಕಣ್ಲಾ. ಏನ್ ಗಟ್ಟಿ ಅಂತೀಯ! ಕಿತ್ತೂ ಕಿತ್ತೂ ನಮ್ ಕೈಯೆಲ್ಲಾ ಬೊಬ್ಬೆ. ನಿನ್ ಒಲ ಗುಡಿಸ್ದಂಗೆ ಮಾಡ್ಕೊಟ್ಟಿದ್ದೀವಿ. ಬಾಯ್ ಮುಚ್ಕಂಡು ಓಗಿ ಮಜ್ಜಿಗೆ ತತ್ತಾ."

ಎಲ್ಲರೂ ನಕ್ಕರು. ಹೊಂಗೆ ಸಸಿಯನ್ನು ಅವರು ಕಂಡಿಲ್ಲ ಎಂದಲ್ಲ. ಆದರೆ ಹುರುಳಿ ಹೊಲದಲ್ಲಿ ಹುರುಳಿ ಅಲ್ಲದ್ದೆಲ್ಲ ಕಳೆ. ಬೇಸಾಯದವರ ಕೈಗೆ ಹುಟ್ಟಿನಿಂದ ಬಂದ ಬುದ್ಧಿ ಅದು.

ಮೊನ್ನೆ ಮಧ್ಯಾಹ್ನ ಹುರುಳಿ ಬಸ್ಸಾರಿಗೆ ಮುದ್ದೆ ಅದ್ದುವಾಗ ಇದೆಲ್ಲ ನೆನಪಿಗೆ ಬಂತು. ತುತ್ತು ಕೈಯಲ್ಲೇ ಉಳಿಯಿತು. ನನ್ನ ಹೆಂಡತಿ, "ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಎಂದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಳ್ಳಿಮೈಸೂರಿನಲ್ಲಿ ಬಸ್ಸು ಇಳಿದು ಅರ್ಧ ಗಂಟೆ ನಡೆದರೆ ನಮ್ಮೂರು. ಊರ ಹಿಂದೆ ಬೋರೆ, ಕೆಂಪು ಮಣ್ಣಿನ ದಿಬ್ಬ. ಕೆಳಗೆ ಒಂದು ತುಂಡು ಗದ್ದೆ, ಸ್ವಲ್ಪ ರಾಗಿ ಹೊಲ ಬಿಟ್ಟರೆ ನಮ್ಮದು ಬೋರೆಯ ಮೇಲಿನ ನಾಲ್ಕು ಎಕರೆ. ತಾತನ ಕಾಲದಲ್ಲಿ ಅದು ಕುರುಚಲು ಕಾಡಂತೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಆಗ ನಮ್ಮ ಬೋರೆಯ ಮರಗಳೆಲ್ಲ ಇದ್ದಿಲಾಗಿ ಬಸ್ಸು ಹತ್ತಿ ಹೋದವು. ಆಮೇಲೆ ತಾತ ಬುಡಗಳನ್ನೂ ಅಗೆದು ತೆಗೆದು ರಾಗಿ ಬಿತ್ತಿದ. ಎರಡು ಮೂರು ವರ್ಷ ಒಳ್ಳೆ ರಾಗಿ ಬಂತಂತೆ. ಆಮೇಲೆ ಸಾಮೆ. ಆಮೇಲೆ ಹುರುಳಿ. ಹುರುಳಿಯೂ ಬಾರದ ನೆಲದಲ್ಲಿ ಬಿತ್ತಲು ಬೇರೆ ಏನೂ ಇಲ್ಲ.

ನಾನು ಹುಟ್ಟಿದಾಗ ಅಲ್ಲಿ ಮಳೆ ನೀರು ಕೊರೆದ ಕೊರಕಲನ್ನು ಎಮ್ಮೆ ಕರು ಹಾರಿ ದಾಟುತ್ತಿತ್ತು ಎಂದು ಅವ್ವ ಹೇಳುತ್ತಾಳೆ. ಪ್ರತಿ ವರ್ಷ ಯುಗಾದಿಗೆ ಹೊಸ ಚಡ್ಡಿ ಹಾಕಿಕೊಂಡು ನಾನು ಕೊರಕಲಿನೊಳಗೆ ಇಳಿದು ನಿಂತು ಅಳತೆ ನೋಡಿಕೊಳ್ಳುತ್ತಿದ್ದೆ. ಒಂದು ವರ್ಷವೂ ಅದಕ್ಕಿಂತ ಎತ್ತರ ಆಗಲಿಲ್ಲ. ನಾನು ಮುದ್ದೆ ತಿಂದು ಬೆಳೆದರೆ ಅದು ಮಳೆ ಕುಡಿದು ಬೆಳೆಯಿತು. ನಮಗೆ ಮಾತ್ರ ಅದು ಒಳ್ಳೆಯ ಜಾರುಬಂಡೆ. ತೆಂಗಿನ ಹೆಡೆಮಟ್ಟೆಯ ಮೇಲೆ ಕೂತು ಮೇಲಿನಿಂದ ಜಾರಿದರೆ ಕೆಳಗಿನ ಕಟ್ಟೆಯ ಏರಿಯವರೆಗೂ ಬರುತ್ತಿದ್ದೆವು. ಹೊಸ ಚಡ್ಡಿಯ ಹಿಂಬದಿ ಯುಗಾದಿ ಸಂಜೆಯೊಳಗೆ ಕೆಂಪಾಗಿ, ಮಾರನೇ ದಿನ ತೂತಾಗಿ, ಅವ್ವ ಪೊರಕೆ ಹಿಡಿಯುತ್ತಿದ್ದಳು.

ಆ ಕಟ್ಟೆಯ ನೀರೇ ಊರ ದನಕ್ಕೂ ಬಟ್ಟೆಗೂ. ಮಳೆ ಬಂದ ಮಾರನೇ ದಿನ ನೀರು ಇಟ್ಟಿಗೆ ಬಣ್ಣ. ಬಟ್ಟೆ ಒಗೆಯುವವರು ನನ್ನನ್ನು ಕಂಡರೆ, "ಬಾಪ್ಪಾ, ನಿಮ್ಮೊಲ ಇಲ್ಲೈತೆ, ಒಂದ್ ಬಿಂದಿಗೆ ತಕ್ಕಂಡ್ ಓಗು" ಎನ್ನುತ್ತಿದ್ದರು. ತಮಾಷೆಗೆ ಅಂದರೂ ನಿಜ. ನಮ್ಮ ಹೊಲ ಹೊಲದಲ್ಲಿರಲಿಲ್ಲ, ಕಟ್ಟೆಯಲ್ಲಿತ್ತು.

ಅಪ್ಪ ಸುಮ್ಮನೆ ಕೂತವನಲ್ಲ. ಒಂದು ಸಲ ಚನ್ನರಾಯಪಟ್ಟಣದ ಸಂತೆಗೆ ಹೋಗಿ ಅಲ್ಲಿ ರಾಶಿ ಬಿದ್ದ ತೆಂಗಿನಕಾಯಿ ನೋಡಿ ತಲೆ ತಿರುಗಿ ಬಂದ. ಬೋರೆಯ ಮೇಲೆ ತೆಂಗಿನ ತ್ವಾಟ ಮಾಡುತ್ತೇನೆಂದು ಇಪ್ಪತ್ತು ಸಸಿ ನೆಟ್ಟ. ಕಟ್ಟೆಯಿಂದ ನೀರು ಹೊತ್ತು ಹೊತ್ತು ಅವ್ವನ ಹೆಗಲು ಬಾತುಕೊಂಡಿತು. ಬೇಸಿಗೆ ಮುಗಿಯುವಷ್ಟರಲ್ಲಿ ಇಪ್ಪತ್ತೂ ಪೊರಕೆಯಾದವು. ಅವತ್ತಿನಿಂದ ಬೋರೆಯ ಮೇಲೆ ಮರ ಎಂದರೆ ಅಪ್ಪನಿಗೆ ಆಗುತ್ತಿರಲಿಲ್ಲ.

ಮರದ ಹುಚ್ಚು ನನಗೆ ಹತ್ತಿದ್ದು ಅರಕಲಗೂಡಿನ ಕಡೆ ಅಕ್ಕನ ಮನೆಗೆ ಹೋದಾಗ. ಭಾವನ ಹೊಲವೂ ಇಳಿಜಾರೇ. ಆದರೆ ಬದುವಿನ ಮೇಲೆಲ್ಲ ಹೊಂಗೆ ಮರ. ಒಂದು ಕೊರಕಲೂ ಇಲ್ಲ. ಸೊಪ್ಪು ಗದ್ದೆಯ ಗೊಬ್ಬರಕ್ಕೆ, ಕಡ್ಡಿ ಒಲೆಗೆ, ಬೀಜ ಎಣ್ಣೆಗೆ. ನಾನು ಭಾವನನ್ನು ಏನೂ ಕೇಳಲಿಲ್ಲ. ಕಣ್ಣಿಗೆ ಕಾಣುವುದನ್ನು ಬಾಯಲ್ಲಿ ಯಾಕೆ ಕೇಳಬೇಕು? ಸಸಿಗೆಂದು ಹಾಸನಕ್ಕೆ ಹೋಗಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ನಿಂತೆ. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಅರ್ಜಿ ಬರೆದುಕೊಂಡು ಬಾ ಎಂದರು. "ನಂಗ್ ಅರ್ಜಿ ಬರ್ಯಾಕ್ ಬರಾಕಿಲ್ಲ ಸಾ, ಗುಂಡಿ ತೋಡಾಕ್ ಬತ್ತದೆ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ ನಕ್ಕು, "ಹಾಗಾದರೆ ಸಸಿ ಯಾಕಪ್ಪ? ಬೀಜಾನೇ ಹಾಕು. ತಾನೇ ಹುಟ್ಟಿದ್ದು ತಾನೇ ಬೇರು ಬಿಡುತ್ತೆ" ಎಂದು ಕಳಿಸಿದರು. ಅರ್ಜಿ ಇಲ್ಲದೆ ಆದ ಕೆಲಸ ನನ್ನ ಜನ್ಮದಲ್ಲಿ ಅದೊಂದೇ.

ಅಪ್ಪನನ್ನು ಒಪ್ಪಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ಕೊನೆಗೆ ಒಂದು ಬೆಳಿಗ್ಗೆ ಎತ್ತಿನ ಮೈ ಉಜ್ಜುತ್ತ ಅವನೇ ಅಂದ:

"ಐದ್ ಮಳೆಗಾಲ ಕೊಡ್ತೀನಿ. ಈ ವರ್ಸ ಉಳ್ಳಿ ಬಿತ್ತಾನ, ಒಲ ಬರಿದು ಬುಡಾಕಾಗಕಿಲ್ಲ. ಅಕ್ಕಡಿ ಸಾಲ್ಗೆ ನಿನ್ ಮರದ್ ಬೀಜ ಆಕ್ಕೊ. ಆಮೇಕೆ ನಾಕ್ ಮಳೆಗಾಲ ನೇಗ್ಲು ಕಟ್ಟಾಕಿಲ್ಲ. ಐದ್ ತುಂಬ್ದಾಗ ಎತ್ ಒಡ್ಕಂಡು ಬತ್ತೀನಿ. ಉಳೋ ಅಂಗಿದ್ರೆ ಉತ್ತಾಕ್ತೀನಿ. ಅವತ್ತು ನೀನ್ ತುಟಿ ಬಿಚ್ಚಂಗಿಲ್ಲ. ಇನ್ಮುಂದ್ಕೂ ಆ ಒಲದ್ ಮಾತ್ ಎತ್ತಂಗಿಲ್ಲ."

"ಆಗ್ಲಿ ಕಣಪ್ಪಾ" ಎಂದೆ.

ನಮ್ಮ ಕಡೆ ರಾಗಿ ಬಿತ್ತುವಾಗ ನಾಲ್ಕಾರು ಸಾಲಿಗೊಂದು ಅಕ್ಕಡಿ ಸಾಲು ಬಿಡುತ್ತಾರೆ. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಅದೇ ಲೆಕ್ಕದಲ್ಲಿ ನಾನು ಹುರುಳಿಯ ನಡುವೆ ಮರ ಬಿತ್ತಿದೆ. ಹೊಳೆನರಸೀಪುರದ ರಸ್ತೆ ಬದಿಯ ಸಾಲುಮರದ ಕೆಳಗೆ ಚೀಲ ಹಿಡಿದು ಹೊಂಗೆ ಕಾಯಿ ಆಯ್ದೆ. ಅವ್ವ ಹುಣಿಸೆಹಣ್ಣು ಬಿಡಿಸಿ ಎಸೆದ ಬೀಜ ಬಾಚಿದೆ. ಮರವನ್ನು ತೊಗರಿಯ ಹಾಗೆ ಬಿತ್ತಿದ ಮೊದಲನೇ ಮನುಷ್ಯ ನಾನೇ ಎಂದು ಹೆಮ್ಮೆಯಿಂದ ಎದೆ ಸೆಟೆಸಿಕೊಂಡು ತಿರುಗಿದೆ. ತೊಗರಿಯ ಹಾಗೆ ಬಿತ್ತಿದ್ದನ್ನು ಜನ ಹುರುಳಿಯ ಹಾಗೆ ಕೀಳುತ್ತಾರೆ ಎಂದು ಹೊಳೆಯಲಿಲ್ಲ. ಕಿತ್ತ ದಿನ ನಾನು ಅಕ್ಕನ ಮನೆಯಿಂದ ಬರುವ ಬಸ್ಸಿನಲ್ಲಿದ್ದೆ. ನಾನು ಬರುವ ತನಕ ಕಾಯಿರಿ ಎಂದು ಅವ್ವನಿಗೆ ಹೇಳಿದ್ದೆ. ಹುರುಳಿ ಒಣಗಿ ಸಿಡಿಯಲು ಶುರುವಾಗಿತ್ತು. ಸಿಡಿಯುವ ಹುರುಳಿ ಯಾರನ್ನೂ ಕಾಯುವುದಿಲ್ಲ.

ಹಾಗೆ ನೋಡಿದರೆ ಕೀಳುವುದರಲ್ಲಿ ಆ ಹೆಂಗಸರಿಗಿಂತ ನಾನೇ ಹಳಬ. ಇಸ್ಕೂಲಿನಲ್ಲಿ ವನಮಹೋತ್ಸವ ಎಂದು ಮಕ್ಕಳಿಗೆಲ್ಲ ಒಂದೊಂದು ಸಸಿ ಹಂಚಿದ್ದರು. ಬೇರು ಬಂದಿದೆಯೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ನನ್ನ ಸಸಿಯನ್ನು ಕಿತ್ತು ನೋಡಿ ಮತ್ತೆ ನೆಡುತ್ತಿದ್ದೆ. ಎಂಟನೇ ದಿನ ಅದು ಸತ್ತಿತು. ಮೇಷ್ಟ್ರು ಕಾರಣ ಕೇಳಿದಾಗ ನಿಜ ಹೇಳಿದೆ. ಕೈಗೆ ಎರಡು ಏಟು ಬಿತ್ತು. ಪಕ್ಕದವನು ಹಸು ತಿಂದಿತು ಎಂದು ಸುಳ್ಳು ಹೇಳಿ ಉಳಿದುಕೊಂಡ.

ಹೊಲಕ್ಕೆ ಬರೋಣ. ಉಳಿದ ನಾಲ್ಕು ಸಾಲಿನಲ್ಲಿ ಸಿಕ್ಕಿದ್ದು ಏಳು ಸಸಿ. ಕಿತ್ತವನ್ನು ತಿರುಗಿ ನೆಟ್ಟೆ, ಒಂದೂ ಬದುಕಲಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದ್ ಮಳೆಗಾಲ ಓಯ್ತು, ಇನ್ ನಾಕೈತೆ" ಎಂದು ಬೀಡಿ ಹಚ್ಚಿದ.

ನನಗೆ ತಡೆಯಲಿಲ್ಲ. ಸಂಜೆ ಆ ಹೆಂಗಸರೆಲ್ಲ ಮನೆಯ ಮುಂದೆ ಕೈಕಾಲು ತೊಳೆಯುತ್ತಿದ್ದಾಗ ಎಲ್ಲರಿಗೂ ಕೇಳುವ ಹಾಗೆ, "ನಾನ್ ಈ ಸತಿ ಮುಯ್ಯಿ ತೀರ್ಸಾಕಿಲ್ಲ" ಎಂದುಬಿಟ್ಟೆ.

ಮುಯ್ಯಿ ಎಂದರೆ ನೀನು ನನ್ನ ಹೊಲಕ್ಕೆ ಒಂದು ದಿನ ಬಂದರೆ ನಾನು ನಿನ್ನ ಹೊಲಕ್ಕೆ ಒಂದು ದಿನ ಬರಬೇಕು. ಕೂಲಿ ಇಲ್ಲ, ಬರೀ ಆಳಿಗೆ ಆಳು. ಮುಯ್ಯಿ ತಪ್ಪಿಸಿದ ಮನೆಯ ಚಪ್ಪರಕ್ಕೆ ಕಂಬ ನೆಡಲೂ ಯಾರೂ ಬರುವುದಿಲ್ಲ. ಅವ್ವ ಹಣೆ ಚಚ್ಚಿಕೊಂಡಳು.

ಮಾರನೇ ದಿನ ಹೊತ್ತು ಹುಟ್ಟುವ ಮುಂಚೆಯೇ ಕೆಂಪತ್ತೆ ಬಂದು ನಮ್ಮ ಜಗುಲಿಯ ಮೇಲೆ ಕೂತಳು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, ಆಮೇಲೆ ಮಾತು ತೆಗೆದಳು.

"ಮುಯ್ಯಿ ತೀರ್ಸಾಕಿಲ್ಲ ಅಂದ್ಯಲ್ಲ, ಯಾಕ್ಲಾ?"

"ನಾನ್ ಕರ್ದಿದ್ದು ಉಳ್ಳಿ ಕೀಳಾಕೆ. ಮರ ಕೀಳಾಕಲ್ಲ."

ಅತ್ತೆ ಬಾಯಲ್ಲಿದ್ದುದನ್ನು ಉಗಿದು ಬಂದಳು. "ಅದೂ ದಿಟವೇಯಾ. ಉಳ್ಳಿ ಕಿತ್ತಿದ್ಕೆ ನೀನ್ ನಮಗ್ ಒಂದ್ ದಿನ ಕೊಡ್ಬೇಕು. ಮರ ಕಿತ್ತಿದ್ಕೆ ನಾವ್ ನಿಂಗ್ ಒಂದ್ ದಿನ ಕೊಡ್ಬೇಕು."

ಒಳಗಿನಿಂದ ಅಪ್ಪ, "ಅಂಗಾದ್ರೆ ಅದ್ಕಿದು ವಜಾ ಆಯ್ತು, ಬುಡು ಅಕ್ಕಯ್ಯ" ಎಂದ.

"ನೀ ಸುಮ್ಕಿರ್ಲಾ ಜವರ. ಮುಯ್ಯೀಲಿ ವಜಾ ಇಲ್ಲ. ಮಾಡೇ ತೀರ್ಸ್ಬೇಕು. ಇವ್ನು ನಮ್ ಒಲಕ್ಕೆ ಬರ್ಲಿ. ಮುಂಗಾರಿಗೆ ನಾವು ಇವ್ನ ಒಲಕ್ಕೆ ಬತ್ತೀವಿ, ಕಿತ್ತಿದ್ನ ನಾವೇ ನೆಡ್ತೀವಿ."

ಊರಲ್ಲಿ ಅಪ್ಪ ಹೆದರುತ್ತಿದ್ದುದು ಅವನ ಅಕ್ಕನಿಗೆ ಒಬ್ಬಳಿಗೇ.

ಹನ್ನೊಂದು ದಿನ ಹನ್ನೊಂದು ಹೊಲದಲ್ಲಿ ನಾನು ಹೆಂಗಸರ ಸಾಲಿನಲ್ಲಿ ಬಗ್ಗಿ ಹುರುಳಿ ಕಿತ್ತೆ, ಅವರೆ ಬಿಡಿಸಿದೆ. ಗಂಡಸರು ಬದುವಿನ ಮೇಲೆ ನಿಂತು ಬಳೆ ಯಾವಾಗ ತೊಡಿಸುತ್ತೀರಿ ಎಂದು ಕೇಳಿ ಹೋಗುತ್ತಿದ್ದರು. ನನ್ನ ಸಾಲು ಯಾವಾಗಲೂ ಕೊನೆಗೆ. ಮೂರನೇ ದಿನ ಸೊಂಟ ಹಿಡಿದುಕೊಂಡು ಎಡಕ್ಕೆ ವಾಲಿ ನಡೆದೆ. ಹಾಡಿನಲ್ಲಿ ನನ್ನ ಹೆಸರು ಸೇರಿಸಿ, ವಾಲಿದ್ದನ್ನೂ ಸೇರಿಸಿ ಹಾಡಿದರು. ಹಾಡಲಿ ಬಿಡಿ. ಆ ಹನ್ನೊಂದು ದಿನದಲ್ಲಿ ನಾನು ಕಲಿತಷ್ಟು ನಾಲ್ಕು ಕ್ಲಾಸಿನಲ್ಲಿ ಕಲಿತಿರಲಿಲ್ಲ. ಸಿದ್ದಮ್ಮ ಎಂಬ ಮುದುಕಿ ಹೇಳಿದಳು:

"ಬಯ್ಲಲ್ಲಿ ಸಾಲಾಕಿ ಬಿತ್ತೀಯಲ್ಲೋ ಮಂಕೆ. ಮಳೆ ನೀರು ನೀನ್ ಏಳ್ದಂಗೆ ಸಾಲ್ನಾಗ್ ಓಯ್ತದಾ? ಕೊರಕ್ಲಲ್ಲಿ ಓಯ್ತದೆ. ಕೊರಕ್ಲಿಗೆ ಅಡ್ಡ ಕಲ್ಲಿಡು. ಮಣ್ಣು ಅಲ್ಲೇ ನಿಂತ್ಕತದೆ. ನಿಂತ್ ಮಣ್ಣಲ್ಲಿ ಬೀಜ ಊರು."

ಜಾಲಿ ಬೀಜ ಬೇಕಿದ್ದರೆ ಮರ ಹತ್ತಬೇಡ, ಬೆಳಿಗ್ಗೆ ಎದ್ದು ಮೇಕೆ ಕಟ್ಟುವ ಕೊಟ್ಟಿಗೆ ಗುಡಿಸು ಎಂದಳು ಇನ್ನೊಬ್ಬಳು. ಮೇಕೆ ಜಾಲಿ ಕಾಯಿ ತಿಂದು ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಆ ಬೀಜ ಬೇಗ ಮೊಳೆಯುತ್ತದೆ. ಇಪ್ಪತ್ತು ವರ್ಷ ಕೊಟ್ಟಿಗೆ ಪಕ್ಕದಲ್ಲೇ ಮಲಗಿದ್ದೇನೆ, ನನಗೆ ಗೊತ್ತಿರಲಿಲ್ಲ.

ಬೇಸಿಗೆಯೆಲ್ಲ ಕೊರಕಲಿಗೆ ಕಲ್ಲು ಹೊತ್ತು ಅಡ್ಡ ಇಟ್ಟೆ. ಮುಂಗಾರಿನ ಎರಡನೇ ಮಳೆ ಬಿದ್ದ ಮಾರನೇ ದಿನ ಹನ್ನೊಂದು ಜನರೂ ಬಂದರು. ಕೆಂಪತ್ತೆ ಒಂದು ಕೋಲು ಹಿಡಿದು ದೊಡ್ಡ ಕೊರಕಲನ್ನೂ ಅದರ ಮರಿ ಕೊರಕಲುಗಳನ್ನೂ ಹನ್ನೊಂದು ಪಾಲು ಮಾಡಿದಳು. "ಇದ್ ನಂದು, ಅದ್ ಸಿದ್ದಮ್ಮಂದು, ಆಚೆದು ನಿಂದು ಕಣೆ. ಯಾರ್ ಪಾಲಲ್ ಎಷ್ಟ್ ಉಟ್ತವೋ ನೋಡುವ." ಸಂಜೆಯೊಳಗೆ ನಾನು ಕೂಡಿಟ್ಟ ಬೀಜವೆಲ್ಲ ಮುಗಿಯಿತು. ಸಾಲಿಲ್ಲ, ಅಳತೆ ಇಲ್ಲ. ನೀರು ಎಲ್ಲೆಲ್ಲಿ ತಿರುಗಿತ್ತೋ ಅಲ್ಲೆಲ್ಲ ಕೈ ತಿರುಗಿತ್ತು.

ನಾನು ಯೋಚನೆಯೇ ಮಾಡದಿದ್ದ ಒಂದು ಲಾಭ ಅದರಿಂದ ಆಯಿತು. ಬೋರೆಯ ಮೇಲೆ ಎಲ್ಲರ ಮೇಕೆಗಳೂ ಮೇಯುತ್ತಿದ್ದವು. ಒಬ್ಬನೇ ನೆಟ್ಟಿದ್ದರೆ ಹಗಲೆಲ್ಲ ದೊಣ್ಣೆ ಹಿಡಿದು ಕಾಯಬೇಕಿತ್ತು. ಈಗ ಹನ್ನೊಂದು ಮನೆಯ ಹೆಂಗಸರಿಗೂ ಅಲ್ಲಿ ತಮ್ಮ ಪಾಲು ಎಂದು ಇತ್ತು. ಸಿದ್ದಮ್ಮನ ಮೇಕೆ ಕೆಂಪತ್ತೆಯ ಪಾಲಿನ ಎರಡು ಸಸಿ ತಿಂದ ದಿನ ಕಟ್ಟೆಯ ಏರಿಯ ಮೇಲೆ ನಡೆದ ಜಗಳ ಹೊಲದ ಆ ತುದಿಗೂ ಕೇಳಿತು.

"ನಿನ್ ಮೇಕೆ ಬಾಯಿಗೆ ಕುಕ್ಕೆ ಕಟ್ಟೆ ಮುದ್ಕಿ!"

"ನಿನ್ ಸಸಿಗೆ ಮುಳ್ ಆಕ್ಕಳೇ ಬಿನ್ನಾಣಗಿತ್ತಿ!"

ಇಬ್ಬರೂ ಮೂರು ತಿಂಗಳು ಮಾತು ಬಿಟ್ಟರು. ಮೇಕೆಗಳು ಕೂಡ ಆ ಕಡೆ ಹೋಗುವುದು ಬಿಟ್ಟವು.

ಮೂರನೇ ಮಳೆಗಾಲಕ್ಕೆ ಸಸಿ ಮೊಣಕಾಲೆತ್ತರ. ನಾಲ್ಕನೆಯದಕ್ಕೆ ಜಾಲಿ ನನ್ನನ್ನು ಮೀರಿತು. ಕಲ್ಲಿನ ಹಿಂದೆ ಮಣ್ಣು ತುಂಬಿ ಕೊರಕಲು ಮೆಟ್ಟಿಲು ಮೆಟ್ಟಿಲಾಯಿತು. ನಾನು ಬಿತ್ತದ ತಂಗಡಿ, ಲಂಟಾನ, ಸೀತಾಫಲ ತಾವೇ ಬಂದವು. ಸೀತಾಫಲದ ಬೀಜ ಯಾವ ಹಕ್ಕಿ ತಂದಿತೋ, ಕೂಲಿಯಿಲ್ಲದೆ ಬಿತ್ತಿತು. ಗೌಜಲಹಕ್ಕಿ ಕೂಗುವುದು ಕೇಳಿ ಅವ್ವ, "ನಾನ್ ಮದ್ವೆ ಆಗ್ ಬಂದಾಗ ಇಂಗೇ ಕೂಗವು" ಎಂದು ಕೆಲಸ ಬಿಟ್ಟು ನಿಂತಳು. ಸವರಿದ ಜಾಲಿ ಕಡ್ಡಿ ಹನ್ನೊಂದು ಮನೆಯ ಒಲೆಗೂ ಹೋಯಿತು. ಬೆರಣಿ ತಟ್ಟುವುದು ಕಡಿಮೆಯಾಗಿ ಸಗಣಿ ತಿಪ್ಪೆಗೆ ಬಿತ್ತು, ತಿಪ್ಪೆ ರಾಗಿ ಹೊಲಕ್ಕೆ ಬಂತು. ಮಳೆಯ ಮಾರನೇ ದಿನ ಕಟ್ಟೆಯಲ್ಲಿ ಎಮ್ಮೆಯ ಮುಖ ಎಮ್ಮೆಗೇ ಕಾಣುತ್ತಿತ್ತು. ಇದನ್ನೆಲ್ಲ ಅಪ್ಪ ನೋಡುತ್ತಿದ್ದ. ಎಣಿಸುವುದು ಮಾತ್ರ ಬಿಡಲಿಲ್ಲ. "ಮೂರಾಯ್ತು." "ನಾಕಾಯ್ತು."

ಐದೂ ಆಯಿತು. ಅದರ ಮುಂದಿನ ಮುಂಗಾರು ಬಿದ್ದು ಮೂರನೇ ದಿನ ಬೆಳಿಗ್ಗೆ ಅಪ್ಪ ಎತ್ತು ಬಿಚ್ಚಿದ. ನೇಗಿಲು ಹೆಗಲಿಗೆ ಹಾಕಿಕೊಂಡ. ಬೋರೆಯ ದಾರಿ ಹಿಡಿದ. ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ತುಟಿ ಬಿಚ್ಚಂಗಿಲ್ಲ ಎಂದು ಮಾತಾಗಿತ್ತು. ಹಿಂದೆ ಹಿಂದೆ ನಡೆದೆ. ಆ ಮನುಷ್ಯ ಅಂದದ್ದನ್ನು ಮಾಡದೆ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಹೊಲದ ತಲೆಯಲ್ಲಿ ಅಪ್ಪ ನೊಗ ಹೂಡಿದ. ನೇಗಿಲು ಊರಿ "ಹೋ" ಎಂದ. ಎತ್ತುಗಳು ಎರಡು ಹೆಜ್ಜೆ ಇಟ್ಟು ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿದವು. ಆ ಹೊಲದಲ್ಲಿ ಎತ್ತಿಗೆ ಹುಲ್ಲು ಸಿಕ್ಕಿದ್ದು ಅಪ್ಪನ ಕಾಲಕ್ಕೆ ಅದೇ ಮೊದಲು. ಎಳೆದು ಎಬ್ಬಿಸಿ ಮುಂದೆ ಹೊಡೆದ. ಹತ್ತು ಮಾರಿಗೆ ಹೊಂಗೆ ಅಡ್ಡ ಬಂತು. ಎಡಕ್ಕೆ ತಿರುಗಿಸಿದ, ಜಾಲಿ. ಬಲಕ್ಕೆ ತಿರುಗಿಸಿದ, ಹುಣಿಸೆ. ಅಪ್ಪನ ಉಳುಮೆಯ ಸಾಲು ನೂಲು ಹಿಡಿದ ಹಾಗೆ ಇರುತ್ತದೆ. ಸೊಟ್ಟ ಸಾಲು ಹೊಡೆದವರ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎನ್ನುವ ಜಾತಿಯವನು. ನೇಗಿಲ ಮೇಣಿ ಬಿಟ್ಟು ನಿಂತ.

"ಯಾವಳ್ಲಾ ಇಂಗ್ ಅಡ್ಡಾದಿಡ್ಡಿ ನೆಟ್ಟೋಳು?"

ಕೇಳಿದ್ದಕ್ಕೆ ಉತ್ತರ ಹೇಳಿದರೆ ತುಟಿ ಬಿಚ್ಚಿದ ಹಾಗಲ್ಲ ಎಂದುಕೊಂಡು, "ನಿಮ್ಮಕ್ಕ" ಎಂದೆ.

ಅಪ್ಪ ನೊಗ ಬಿಚ್ಚಿದ. ಎತ್ತುಗಳನ್ನು ಮೇಯಲು ಬಿಟ್ಟ. ಸೊಂಟದ ಕುಡುಗೋಲು ತೆಗೆದು ಹೊಂಗೆಯ ಹತ್ತಿರ ಹೋದ. ಬುಡಕ್ಕೆ ಹಾಕಲಿಲ್ಲ. ಕೆಳಗಿನ ರೆಂಬೆಗಳನ್ನು ಮಾತ್ರ ಒಂದೊಂದಾಗಿ ನೋಡಿ ನೋಡಿ ಸವರಿದ. ಸೊಪ್ಪು ಕೂಡಿಸಿ, ತನ್ನ ಮೇಲುವಸ್ತ್ರ ಹಾಸಿ ದೊಡ್ಡ ಹೊರೆ ಕಟ್ಟಿದ.

"ಗದ್ದೆಗ್ ಆಕಿ ನೋಡ್ತೀನಿ. ಎತ್ಕೊ" ಎಂದು ಹೊರೆಯನ್ನು ನನ್ನ ತಲೆಗೆ ಏರಿಸಿ, ತಾನು ನೇಗಿಲು ಹೊತ್ತು ಎತ್ತು ಹೊಡೆದುಕೊಂಡು ಇಳಿದ.

ಆ ಹೊಲಕ್ಕೆ ನೇಗಿಲು ಮತ್ತೆ ಹೋಗಿಲ್ಲ. ನೀನು ಗೆದ್ದೆ ಎಂದು ಅಪ್ಪ ಇವತ್ತಿನವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ. ಇದ್ದದ್ದು ಇಷ್ಟು. ಇನ್ನು ನನ್ನ ಹತ್ತಿರ ಹೇಳಲು ಏನೂ ಇಲ್ಲ.